ಕೋಚ್ ಹೋದಾಗ ನಾವಾಡುವ ಮಾತು

ಭಾನುವಾರ ಪೂಜೆ ಮುಗಿದ ಮೇಲೆ ಹೆಬ್ಬಾಳದಲ್ಲಾಗಲಿ ಆರ್.ಟಿ. ನಗರದಲ್ಲಾಗಲಿ ನಾಲ್ಕು ಜನ ಸೇರಿದರೆ ಕ್ರಿಕೆಟ್ ಮಾತು ಬಂದೇ ಬರುತ್ತದೆ. 2017ರ ಜೂನ್ 20ರಂದು ನಮ್ಮ ಬೆಂಗಳೂರಿನ ಅನಿಲ್ ಕುಂಬ್ಳೆ ಭಾರತ ತಂಡದ ಕೋಚ್ ಹುದ್ದೆ ಬಿಟ್ಟಾಗಲಂತೂ ಕೇಳುವುದೇ ಬೇಡ. ಅವರ ಒಂದು ವರ್ಷದಲ್ಲಿ ತಂಡ ಇಂಗ್ಲೆಂಡನ್ನೂ ಆಸ್ಟ್ರೇಲಿಯಾವನ್ನೂ ಟೆಸ್ಟ್ ಸರಣಿಯಲ್ಲಿ ಸೋಲಿಸಿತ್ತು. ಎರಡು ದಿನ ಹಿಂದಷ್ಟೇ ಚಾಂಪಿಯನ್ಸ್ ಟ್ರೋಫಿ ಫೈನಲ್‌ನಲ್ಲಿ ಪಾಕಿಸ್ತಾನಕ್ಕೆ ಸೋತಿತ್ತು. ತಮ್ಮ ಕಾರ್ಯಶೈಲಿಯ ಬಗ್ಗೆ ನಾಯಕನಿಗೆ ಆಕ್ಷೇಪವಿದೆಯೆಂದು ಮಂಡಳಿ ತಿಳಿಸಿತು ಎಂದು ಕುಂಬ್ಳೆಯವರೇ ಬರೆದರು. ಜುಲೈನಲ್ಲಿ ರವಿ ಶಾಸ್ತ್ರಿ ಬಂದರು.

‘ಕುಂಬ್ಳೆ ಹೆಡ್‌ಮಾಸ್ಟರ್ ಥರ’, ‘ಕೊಹ್ಲಿಗೆ ಅಹಂಕಾರ’ ಎಂದು ಎರಡು ಪಕ್ಷಗಳಾದವು. ಡ್ರೆಸ್ಸಿಂಗ್ ರೂಮಿನೊಳಗೆ ಏನು ನಡೆಯಿತೆಂದು ಕಂಡವರು ಮಾತ್ರ ಎರಡೂ ಪಕ್ಷದಲ್ಲಿರಲಿಲ್ಲ.

ಆಟದ ಚರ್ಚೆ ಪಾಪವಲ್ಲ. ಆಟಕ್ಕೆ ಸ್ಕೋರೇ ಸಾಕ್ಷಿ. ಮನುಷ್ಯನ ಗುಣಕ್ಕೆ? ಎಂಟನೆಯ ಕಟ್ಟಳೆ ಸುಳ್ಳುಸಾಕ್ಷಿಗಷ್ಟೇ ನಿಲ್ಲುವುದಿಲ್ಲ. ಆಧಾರವಿಲ್ಲದೆ ಇನ್ನೊಬ್ಬರಲ್ಲಿ ದೋಷವಿದೆಯೆಂದು ಮನಸ್ಸಿನಲ್ಲೇ ಒಪ್ಪಿಕೊಳ್ಳುವುದೂ ತಪ್ಪು. ಇರುವ ದೋಷವನ್ನೇ ತಕ್ಕ ಕಾರಣವಿಲ್ಲದೆ ತಿಳಿಯದವರಿಗೆ ಹೇಳುವುದೂ ತಪ್ಪು ಎನ್ನುತ್ತದೆ ಧರ್ಮಸಭೆಯ 1992ರ ಧರ್ಮೋಪದೇಶ ಗ್ರಂಥ. ‘ಇದ್ದದ್ದನ್ನೇ ಹೇಳಿದೆ’ ಎಂಬ ನಮ್ಮ ಸಮರ್ಥನೆ ಅಲ್ಲಿ ನಡೆಯದು.

ಕುಂಬ್ಳೆಗೆ ನಮ್ಮ ಹರಟೆ ಕೇಳಿಸುವುದಿಲ್ಲ, ಬಿಡಿ. ಆದರೆ ಧರ್ಮಕೇಂದ್ರದ ಗುರುಗಳಿಗೆ ವರ್ಗವಾದಾಗ ಮಾತಾಡುವುದೂ ಇದೇ ನಾಲಿಗೆ. ಆ ಮಾತು ಅವರಿಗಿಂತ ಮೊದಲೇ ಹೊಸ ಊರು ತಲುಪಿರುತ್ತದೆ.

ಸೌಲನ ಬದಲಿಗೆ ದೇವರು ಆರಿಸಿಕೊಂಡವನು ದಾವೀದ. ಸೌಲ ಅವನನ್ನು ಕೊಲ್ಲಲು ಹುಡುಕಿದ್ದ. ಆದರೂ ಸೌಲ ಸತ್ತ ಸುದ್ದಿ ಬಂದಾಗ ದಾವೀದ ಬಟ್ಟೆ ಹರಿದುಕೊಂಡು ಅತ್ತ. ಅವನ ಶೋಕಗೀತೆಯಲ್ಲಿ ಆ ಹಳೆಯ ಹಗೆಯ ಸೊಲ್ಲೇ ಇಲ್ಲ.