ಪೂರ್ವಿಕರ ಋಣ

ತನ್ನ ಕುಲದ ಮೂಲವನ್ನು ಅರಿಯಬೇಕೆಂಬ ಹಂಬಲವು ಮನುಷ್ಯನಿಗೆ ಸಹಜವಾದುದು. ಶ್ರಾದ್ಧಕಾಲದಲ್ಲಿ ನಾವು ತಂದೆ, ತಾತ, ಮುತ್ತಾತ ಎಂಬ ಮೂರು ತಲೆಗಳ ಹೆಸರನ್ನು ಹೇಳುತ್ತೇವೆ. ಅದಕ್ಕೂ ಹಿಂದಿನವರನ್ನು ಅರಿಯಬೇಕಾದರೆ ಬೇರೆ ಸಾಧನಗಳನ್ನು ಆಶ್ರಯಿಸಬೇಕು. ಎತ್ತನ್ನೇರಿ ಊರಿಂದೂರಿಗೆ ಬರುವ ಹೆಳವರು ಒಕ್ಕಲುಮನೆಗಳ ವಂಶಾವಳಿಯನ್ನು ಹೇಳುತ್ತ ಬಂದವರು. ಕಾಶಿ ಗಯೆಗಳ ಪಂಡರ ವಹಿಗಳಲ್ಲಿ ಯಾತ್ರಿಕರ ಹೆಸರುಗಳುಂಟು. ಹಳೆಯ ಮನೆಗಳಲ್ಲಿ, ಹುಣಿಸೆಬೀಜದ ಸರಿಯನ್ನೂ ಇದ್ದಿಲಿನ ಕಪ್ಪನ್ನೂ ಬಳಿದ ಬಟ್ಟೆಯ ಮೇಲೆ ಬಳಪದಿಂದ ಬರೆದ ಕಡತಗಳುಂಟು. ಕಚೇರಿಗಳಲ್ಲಿ ಇನಾಮು, ಕಂದಾಯ, ಕ್ರಯಪತ್ರಗಳ ದಫ್ತರಗಳುಂಟು. ಇವುಗಳನ್ನು ಶೋಧಿಸಿದವನಿಗೆ ಒದಗುವ ಹೊಣೆಯೇನೆಂಬುದು ವಿಚಾರಾರ್ಹವಾದ ವಿಷಯ.

ಹೆಳವನ ಬಾಯಲ್ಲಿ ಪೂರ್ವಿಕರು ಸಾಮಾನ್ಯವಾಗಿ ಧೀರರು, ದಾನಶೂರರು. ಕೇಳುವ ಮನೆಯವರು ಕೊಡುವ ಕಾಳಿನಿಂದ ಅವನ ಜೀವನವು ಸಾಗಬೇಕಾಗಿರುವಾಗ ಅದರಲ್ಲಿ ಆಶ್ಚರ್ಯವಿಲ್ಲ. ಕಾಗದವು ಹಾಗಲ್ಲ. ಕಂದಾಯ ಬಾಕಿಯಾದಾಗ, ಸಾಲವೆತ್ತಿದಾಗ, ಭೂಮಿ ಕೈಬದಲಾದಾಗ, ವ್ಯಾಜ್ಯ ಹೂಡಿದಾಗ ಅದು ಮನುಷ್ಯನ ಹೆಸರನ್ನೆತ್ತುತ್ತದೆ. ಅವನು ನೆಮ್ಮದಿಯಿಂದ ಉತ್ತು ಬಿತ್ತಿದ ವರ್ಷಗಳು ಅಲ್ಲಿ ಕಾಣವು. ಅವನ ಹೆಂಡತಿಯ ಹೆಸರು ಅನೇಕ ವೇಳೆ ಅವಳು ವಿಧವೆಯಾದ ಮೇಲೆಯೇ ಕಾಣಿಸಿಕೊಳ್ಳುವುದು.

ಒಂದು ಉದಾಹರಣೆಯನ್ನು ಊಹಿಸೋಣ. ಮೈಸೂರು ಸೀಮೆಯ ಒಬ್ಬ ಗೃಹಸ್ಥನು ತನ್ನ ಮುತ್ತಾತನ ತಂದೆಯ ಚರಿತ್ರೆಯನ್ನು ಹುಡುಕುತ್ತಿದ್ದಾನೆ. ಅವರು ಸ್ವಂತ ದುಡಿಮೆಯಿಂದ ಹೊಲಗದ್ದೆಗಳನ್ನು ಸಂಪಾದಿಸಿದರೆಂದು ಮನೆಯಲ್ಲಿ ಹೇಳಿಕೆ. ಆದರೆ ದೊರೆತ ಕ್ರಯಪತ್ರಗಳೆಲ್ಲವೂ 1877ನೆಯ ಇಸವಿಯವು. 1876–78ರ ಕ್ಷಾಮವು ಎಂತಹುದೆಂಬುದನ್ನು ಜನಗಣತಿಯೇ ಹೇಳುತ್ತದೆ: 1871ರಲ್ಲಿ 50 ಲಕ್ಷಕ್ಕೂ ಮಿಕ್ಕಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಆ ವರ್ಷ ಹೊಲವನ್ನು ಮಾರಿದವನು ಏತಕ್ಕಾಗಿ ಮಾರಿದನೆಂದು ಬೇರೆ ಹೇಳಬೇಕೆ?

ಇಲ್ಲಿ ಎರಡು ಸುಲಭವಾದ ದಾರಿಗಳಿವೆ. ಪತ್ರವನ್ನು ಮತ್ತೆ ಪೆಟ್ಟಿಗೆಗೆ ಸೇರಿಸಿ ಹಳೆಯ ಹೇಳಿಕೆಯನ್ನೇ ಮುಂದುವರಿಸುವುದು ಒಂದು. ಹಿರಿಯನನ್ನು ಕ್ರೂರಿಯೆಂದು ತೀರ್ಮಾನಿಸಿ ತಾನು ನಿರ್ಮಲನೆಂದುಕೊಳ್ಳುವುದು ಇನ್ನೊಂದು. ಎರಡೂ ಸತ್ಯಕ್ಕೆ ದೂರ. ಕೊಂಡವನು ಹಸಿವನ್ನು ನೋಡಿ ಬೆಲೆ ಇಳಿಸಿದನೋ, ನೆರೆಯವನ ಮೊರೆ ಕೇಳಿ ತನ್ನ ಕಣಜದ ಕೊನೆಯ ರಾಗಿಯನ್ನು ಅಳೆದುಕೊಟ್ಟನೋ, ಪತ್ರವು ಹೇಳದು. ಅದು ಹೇಳದ ಕಡೆ ನಾವು ಹೊಗಳಲೂ ಆಗದು, ತೆಗಳಲೂ ಆಗದು.

ಹಾಗಾದರೆ ಹೊಣೆಯೇ ಇಲ್ಲವೆ? ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದನು. ಆ ಸ್ಮೃತಿಯ ಪ್ರಕಾರ ತಂದೆಯು ಕುಡಿತಕ್ಕೂ ಜೂಜಿಗೂ ಮಾಡಿದ ಸಾಲವು ಮಗನನ್ನು ಕಟ್ಟದು. ಆದರೆ ಸತ್ತವನ ಆಸ್ತಿಯನ್ನು ಪಡೆದವನು ಅವನ ಸಾಲವನ್ನು ತೀರಿಸತಕ್ಕವನು. ಪಿತೃಋಣವನ್ನು ತೀರಿಸುವುದು ಮಗನ ಧರ್ಮವೆಂಬ ಒಂದೇ ಆಧಾರದ ಮೇಲೆ ಹೊಸ ಸಾಲಗಳನ್ನು ಅವನಿಂದ ವಸೂಲು ಮಾಡುವ ಹಕ್ಕು 2005ರ ಶಾಸನದಿಂದ ಇಲ್ಲವಾಯಿತು. ನ್ಯಾಯಾಲಯವು ಬಿಟ್ಟರೂ ಆ ವಿವೇಕವನ್ನು ಮನಸ್ಸು ಬಿಡಬೇಕಾಗಿಲ್ಲ. ಹಿರಿಯರ ದೋಷವು ನಮ್ಮ ದೋಷವಲ್ಲ. ಅವರ ಹೊಲದ ಅನ್ನವು ಮಾತ್ರ ನಮ್ಮ ಅನ್ನವೇ. ಅನ್ನವನ್ನು ಉಂಡವನು ಅದರ ಕಥೆಯನ್ನು ಒಲ್ಲೆನೆನ್ನಲಾಗದು.

ಈ ಋಣವನ್ನು ತೀರಿಸುವ ಬಗೆ ಕಠಿನವೇನಲ್ಲ. ಮಕ್ಕಳಿಗೆ ಮನೆತನದ ಕಥೆಯನ್ನು ಹೇಳುವಾಗ ಆ ವರ್ಷವನ್ನು ಬಿಡದೆ ಹೇಳುವುದು. ಮಾರಿದವನ ಹೆಸರನ್ನೂ ಕೊಂಡವನ ಹೆಸರಿನೊಡನೆ ಸೇರಿಸಿ ಹೇಳುವುದು. ಅವನ ಸಂತತಿಯವರು ಅದೇ ಊರಿನಲ್ಲಿದ್ದು ಹೊಲದ ದಾರಿಯನ್ನೋ ಬಾವಿಯ ನೀರನ್ನೋ ಕೇಳಿಬಂದರೆ ದೊಡ್ಡಸ್ತಿಕೆಯನ್ನು ತೋರದೆ ಕೊಡುವುದು. ಹೆಮ್ಮೆಗಾಗಿ ಹುಡುಕಹೊರಟವನಿಗೆ ಇದು ನಷ್ಟವೆಂದು ತೋರಬಹುದು. ಆದರೆ ಹೊಗಳಿಕೆಯ ಪೂರ್ವಿಕನು ಯಾರ ಮನೆಯಲ್ಲಿಯಾದರೂ ಇರಬಲ್ಲನು. ಕಷ್ಟಕಾಲದಲ್ಲಿ ಕೈಚಾಚಿದ, ಕೈಹಿಡಿದ, ತಪ್ಪಿದ, ಬದುಕಿದ ಮನುಷ್ಯನೇ ನಮ್ಮವನು.