ಸೋಸುವ ಬಟ್ಟೆ ಮತ್ತು ಬಾವಿಯ ಔಷಧ

ನೀರನ್ನು ಸೋಸಿ, ಬಟ್ಟೆಯಲ್ಲುಳಿದ ಜೀವಿಗಳನ್ನು ಅದೇ ಬಾವಿಗೆ ಮರಳಿ ಬಿಡುವ ಶ್ರಾವಕರ ಮನೆಯಲ್ಲಿ ಬೆಳೆದವರು ಪರಿಸರ ಆರೋಗ್ಯದ ಸ್ನಾತಕೋತ್ತರ ವ್ಯಾಸಂಗಕ್ಕೆ ತೊಡಗಿದರೆ, ನಾರುಹುಣ್ಣಿನ ಪಾಠದಲ್ಲಿ ತಡವರಿಸುವುದು ಸಹಜ. ಸೈಕ್ಲಾಪ್ಸ್ ಎಂಬ ಸೂಕ್ಷ್ಮ ಜಲಜೀವಿಯೊಳಗಿನ ಮರಿಹುಳು ಕುಡಿಯುವ ನೀರಿನೊಡನೆ ದೇಹ ಸೇರಿ, ವರ್ಷ ತುಂಬುವ ವೇಳೆಗೆ ಸುಮಾರು ಒಂದು ಮೀಟರ್ ಉದ್ದ ಬೆಳೆದು, ಹೆಚ್ಚಾಗಿ ಕಾಲಿನ ಚರ್ಮವನ್ನು ಸೀಳಿ ಹೊರಬರುತ್ತಿತ್ತು. ಕರ್ನಾಟಕವೂ ಈ ಪೀಡೆಯನ್ನು ಉಂಡ ನಾಡೇ. 1996ರ ನಂತರ ಭಾರತದಲ್ಲಿ ಅದು ಕಾಣಲಿಲ್ಲ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ದೇಶವನ್ನು ರೋಗಮುಕ್ತವೆಂದು ಸಾರಿತು. ಲಸಿಕೆಯಿರಲಿಲ್ಲ. ನೆರವಾದುದು ಸೋಸುವ ಬಟ್ಟೆ, ಕೊಳವೆಬಾವಿ, ಮತ್ತು ಮೆಟ್ಟಿಲುಬಾವಿಗಳಿಗೆ ಸುರಿದ ಟೆಮೆಫಾಸ್ ಎಂಬ ಕೀಟನಾಶಕ.

ಬಟ್ಟೆಯನ್ನು ಒಪ್ಪಿದ ಮನಸ್ಸು ಟೆಮೆಫಾಸನ್ನು ಒಪ್ಪಬಹುದೇ? ಸೈಕ್ಲಾಪ್ಸನ್ನು ಬಾವಿಗೇ ಬಿಟ್ಟರೆ, ಸೋಸದೆ ಕುಡಿಯುವ ನೆರೆಯವನಿಗೆ ಅಪಾಯ ಉಳಿಯಿತು. ಔಷಧ ಸುರಿದರೆ ಅಸಂಖ್ಯ ಪ್ರಾಣಗಳು ಹೋದವು. ಇದನ್ನು ವಿರೋಧೀ ಹಿಂಸೆಯೆಂದು ಕರೆದರೆ ಮನಸ್ಸು ಹಗುರವಾದೀತು; ಆದರೆ ಸೈಕ್ಲಾಪ್ಸ್ ಯಾರ ಮೇಲೂ ಎರಗಿ ಬಂದುದಲ್ಲ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣದೊಳಗೇ ಪ್ರಮಾದವನ್ನು ಸೇರಿಸಿದ್ದಾರೆ. ಹಾಗೆ ನೋಡಿದರೆ ದೋಷವು ಔಷಧ ಸುರಿದಂದು ಹುಟ್ಟಿದ್ದಲ್ಲ. ಹುಣ್ಣಿನ ಕಾಲುಗಳು ಬಾವಿಗಿಳಿಯುವುದನ್ನು ಊರು ಸುಮ್ಮನೆ ನೋಡುತ್ತಿದ್ದಾಗಲೇ ಹುಟ್ಟಿತ್ತು. ಡೆಂಗೆಯದೂ ಇದೇ ಕಥೆ. ಏಡಿಸ್ ಸೊಳ್ಳೆ ಮೊಟ್ಟೆಯಿಡುವುದು ಶೇಖರಿಸಿಟ್ಟ ತಿಳಿನೀರಿನಲ್ಲಿ. ಮೊಟ್ಟೆ ಸೊಳ್ಳೆಯಾಗಲು ಒಂದೂವರೆ ವಾರ ಸಾಕು. ಬಿಗಿಯಾದ ಮುಚ್ಚಳವಿದ್ದಲ್ಲಿ ಕೊಲ್ಲುವ ಪ್ರಸಂಗವೇ ಒದಗದು. ಮುಂದೊಂದು ದಿನ ಸಿಂಪಡಣೆಯ ಆದೇಶಕ್ಕೆ ಸಹಿ ಹಾಕುವಾಗ ಆ ವಿದ್ಯಾರ್ಥಿಯ ಕೈ ನಡುಗಬಹುದು. ಸಹಿ ಹಾಕದೆ ಕುಳಿತರೂ ಜ್ವರದ ಮಕ್ಕಳ ಹೊಣೆ ತಪ್ಪದು. ಬಸದಿಯ ಹಿಂದಿನ ತೊಟ್ಟಿಗೆ ಮುಚ್ಚಳವಿದೆಯೇ ಎಂಬುದನ್ನಂತೂ ಟ್ರಸ್ಟಿನವರು ಇಂದೇ ಹೋಗಿ ನೋಡಬಹುದು.