ಸ್ಪಷ್ಟೋಚ್ಚಾರಣವೂ ಸತ್ಯವೂ

ಸತ್ಯವನ್ನೇ ನುಡಿದು, ಆದರೆ ಕೇಳುವವನಿಗೆ ತಿಳಿಯದಂತೆ ನುಡಿದವನನ್ನು ಸತ್ಯವಂತನೆಂದು ಎಣಿಸಬಹುದೇ? ಉಚ್ಚಾರಣವು ನಾಲಗೆಯ ಅಭ್ಯಾಸಕ್ಕೂ ಸತ್ಯವು ಮನಸ್ಸಿಗೂ ಸೇರಿದುದೆಂದು ಇವೆರಡನ್ನೂ ಬೇರ್ಪಡಿಸಿ ನೋಡುವುದು ಲೋಕರೂಢಿ. ನಮ್ಮ ಪೂರ್ವಿಕರಾದರೋ ಶಿಕ್ಷಾಶಾಸ್ತ್ರವನ್ನು ವೇದಾಂಗವೆಂದೇ ಗಣಿಸಿದರು. ಹೆಣ್ಣುಹುಲಿಯು ಮರಿಯನ್ನು ಕಚ್ಚಿಕೊಂಡು ಹೋಗುವಾಗ ಅದು ಬೀಳದಂತೆಯೂ ಹಲ್ಲು ನಾಟದಂತೆಯೂ ಎಚ್ಚರವಹಿಸುವ ಹಾಗೆ ವರ್ಣಗಳನ್ನು ಉಚ್ಚರಿಸಬೇಕೆಂಬುದು ಪಾಣಿನೀಯ ಶಿಕ್ಷೆಯ ಅಭಿಪ್ರಾಯ. ಅವಸರದಿಂದ ಓದುವವನನ್ನೂ ಅರ್ಥವರಿಯದೆ ಓದುವವನನ್ನೂ ಅದು ಅಧಮ ಪಾಠಕರ ಸಾಲಿನಲ್ಲಿ ಕುಳ್ಳಿರಿಸಿದೆ.

ಕನ್ನಡದಲ್ಲಂತೂ ವಾಕ್ಯದ ಜೀವವು ಅದರ ಕೊನೆಯಲ್ಲಿದೆ. ಕರ್ತೃಕರ್ಮಗಳೆಲ್ಲ ಬಂದು ಮುಗಿದ ಮೇಲೆ ಕ್ರಿಯಾಪದ. ಅದರ ತುದಿಯಲ್ಲಿ ನಿಷೇಧ. 'ಕೊಡತಕ್ಕದ್ದು' ಎಂಬುದಕ್ಕೂ 'ಕೊಡತಕ್ಕದ್ದಲ್ಲ' ಎಂಬುದಕ್ಕೂ ಇರುವ ಅಂತರವೆಷ್ಟು? ವಾಕ್ಯದ ಆರಂಭವನ್ನು ಗಟ್ಟಿಯಾಗಿ ನುಡಿದು ಅಂತ್ಯವನ್ನು ನುಂಗುವವನು ಆ 'ಅಲ್ಲ'ವನ್ನೇ ನುಂಗಿರುತ್ತಾನೆ. 'ಳ'ಕಾರವು 'ಲ'ಕಾರವಾದರೆ ಹೊಲದ ಬೆಳೆಯು ಬೆಲೆಯಾಗುವುದು.

ಸ್ಪಷ್ಟತೆಯೆಂದರೆ ಗ್ರಂಥಸ್ಥ ಭಾಷೆಯೆಂದು ತಿಳಿದು, ಶಕಾರ ಷಕಾರಗಳ ಭೇದವರಿಯದ ಹಳ್ಳಿಗನನ್ನು ನೋಡಿ ನಗುವವರುಂಟು. ಇದು ನಮ್ಮಂಥ ಪಾಠಶಾಲೆಯವರಿಗೆ ಅಂಟಿದ ದುರಭಿಮಾನ. 'ಮಾಡ್ಯಾನ', 'ಹೋಗ್ಯಾನ' ಎನ್ನುವ ದೇವದುರ್ಗದ ರೈತನ ಮಾತಿನಲ್ಲಿ ಯಾರು ಏನು ಮಾಡಿದರೆಂಬ ಸಂದೇಹ ಉಳಿಯುವುದೇ ಇಲ್ಲ. ಮಾನ್ವಿಯ ಜಗನ್ನಾಥದಾಸರು ಸಂಸ್ಕೃತದಲ್ಲಿ ಪಂಡಿತರಾಗಿದ್ದೂ ಹರಿಕಥಾಮೃತಸಾರವನ್ನು ಕನ್ನಡದ ಭಾಮಿನಿ ಷಟ್ಪದಿಯಲ್ಲಿ ರಚಿಸಿದರು. ಅದನ್ನು ಗಡಿಯಾರ ನೋಡುತ್ತ ಒಂದೇ ಓಟದಲ್ಲಿ ಪಾರಾಯಣ ಮಾಡಿ ಮುಗಿಸುವವರು ಕನ್ನಡವನ್ನೂ ತಿಳಿಯದ ಭಾಷೆಯನ್ನಾಗಿ ಮಾಡಿಬಿಡುತ್ತಾರೆ.

ಪಾರಾಯಣದಲ್ಲಿ ಹೋಗುವುದು ಪುಣ್ಯ. ಪತ್ರವ್ಯವಹಾರದಲ್ಲಿ ಹೋಗುವುದು ಹೊಲ. 1948ರವರೆಗೆ ರಾಯಚೂರು ಸೀಮೆಯು ನಿಜಾಮ ಸಂಸ್ಥಾನಕ್ಕೆ ಸೇರಿದ್ದು, ಕಛೇರಿಯ ಭಾಷೆ ಉರ್ದುವಾಗಿತ್ತು. ಓದುಬಾರದ ಕನ್ನಡಿಗನು ತನ್ನ ಕಾಗದದ ಅರ್ಥವನ್ನು ಪರರ ಬಾಯಿಂದಲೇ ತಿಳಿಯಬೇಕಾಗಿತ್ತು. 1956ರಲ್ಲಿ ಈ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿತು; 1963ರ ಕಾಯಿದೆಯಿಂದ ಕನ್ನಡವು ಆಡಳಿತ ಭಾಷೆಯಾಯಿತು. ಹೀಗಿದ್ದೂ ಕ್ರಯಪತ್ರವನ್ನು ಒಂದೇ ಉಸಿರಿನಲ್ಲಿ ಓದಿ ಹೆಬ್ಬೆಟ್ಟು ಒತ್ತಿಸುವ ಬರಹಗಾರನಿದ್ದರೆ, ಭಾಷೆ ಕನ್ನಡವಾದುದರ ಫಲವೇನು? ಅವನು ಒಂದಕ್ಷರವನ್ನೂ ಸುಳ್ಳಾಗಿ ಓದಿರಲಾರನು. ಆದರೂ ಅವನು ಸತ್ಯವನ್ನು ಹೇಳಿದನೆಂದು ನಾನು ಒಪ್ಪೆನು. ನ್ಯಾಯಾಲಯಗಳಲ್ಲಿ ಸಾಕ್ಷಿಯ ಹೇಳಿಕೆಯನ್ನು ಅವನಿಗೆ ಓದಿ ಹೇಳಬೇಕೆಂಬ ವಿಧಿಯುಂಟು. ಕಿವಿಗೆ ಮುಟ್ಟದ ಓದಿನಿಂದ ಆ ವಿಧಿಯನ್ನು ಪಾಲಿಸಿದಂತಾಗದು.

'ಮತ್ತೊಮ್ಮೆ ಓದಿರಿ' ಎನ್ನಲು ರೈತನು ನಾಚುತ್ತಾನೆ. ಆ ನಾಚಿಕೆಯನ್ನು ಬಲ್ಲವನೇ ವೇಗವಾಗಿ ಓದುತ್ತಾನೆ. ಜೊತೆಯಲ್ಲಿ ಬಂದ ಅಕ್ಷರಸ್ಥನು ಅವನ ಪರವಾಗಿ ಆ ಮಾತನ್ನು ಕೇಳಬಹುದು. ಪತ್ರವನ್ನು ನಿಧಾನವಾಗಿ ಇನ್ನೊಮ್ಮೆ ಓದಲು ಕಾಲು ಗಂಟೆಯೂ ಹಿಡಿಯದು.